ಈ ಗಾಮಾ ಕಿರಣ ಜೆಟ್‌ನ ಯಾವ ಜಾಗದಿಂದ ಬರುತ್ತಿದೆ?

2006ರ ಜುಲೈ 28ರ ರಾತ್ರಿ ನಮೀಬಿಯಾದ ಹೆಸ್ ಟೆಲಿಸ್ಕೋಪ್‌ಗಳು ಪಿಕೆಎಸ್ 2155-304 ಎಂಬ ಗ್ಯಾಲಕ್ಸಿಯನ್ನು ನೋಡುತ್ತಿದ್ದವು. ಅದು ಇರುವುದು ಸುಮಾರು 150 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಆ ರಾತ್ರಿ ಅಲ್ಲಿಂದ ಮಾಮೂಲಿಗಿಂತ ಐವತ್ತು ಪಟ್ಟಿನಷ್ಟು ಜಾಸ್ತಿ ಗಾಮಾ ಕಿರಣ ಬಂತು. ಬೆಳಕಿನದ್ದೇ ಅತಿ ಹೆಚ್ಚು ಶಕ್ತಿಯ ರೂಪ ಈ ಗಾಮಾ ಕಿರಣ. ಇಂಥ ಗ್ಯಾಲಕ್ಸಿಗಳು ಆಗಾಗ ಹೀಗೆ ಹೊತ್ತಿ ಉರಿಯುವುದು ಹೊಸದೇನಲ್ಲ. ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿದ್ದು ಅದರ ವೇಗ. ಒಂದೂವರೆ ಗಂಟೆಯೊಳಗೆ ಬೆಳಕು ಹಲವು ಸಲ ಏರಿತು, ಇಳಿಯಿತು. ಅತಿ ಚುರುಕಾದ ಏರಿಕೆಗೆ ಹಿಡಿದದ್ದು 200 ಸೆಕೆಂಡಿನ ಆಸುಪಾಸು. ಮೂರು ನಿಮಿಷ ಚಿಲ್ಲರೆ, ಅಷ್ಟೇ.

ಇದರಲ್ಲಿ ಅಷ್ಟು ವಿಚಿತ್ರ ಏನಿದೆ? ಲೆಕ್ಕ ಹಾಕಿ ನೋಡೋಣ. ಆ ಗ್ಯಾಲಕ್ಸಿಯ ನಡುವೆ ಇರುವ ಕಪ್ಪು ಕುಳಿಯ ತೂಕ ಸುಮಾರು 100 ಕೋಟಿ ಸೂರ್ಯರಷ್ಟು ಎಂದು ಅಂದಾಜು. ಅಷ್ಟು ತೂಕದ ಕಪ್ಪು ಕುಳಿಯ ಗಡಿ ನಡುವಿನಿಂದ ಸುಮಾರು 300 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಬೆಳಕಿಗೇ ಐದೂವರೆ ಗಂಟೆ ಬೇಕು. ಈಗ ಒಂದು ದೊಡ್ಡ ವಸ್ತು ಇಡಿಯಾಗಿ ಒಂದೇ ಕ್ಷಣಕ್ಕೆ ಬೆಳಗಿತು ಅಂದುಕೊಳ್ಳಿ. ನಮಗೆ ಹತ್ತಿರವಿರುವ ಬದಿಯ ಬೆಳಕು ಮೊದಲು ತಲುಪುತ್ತದೆ, ಆಚೆ ಬದಿಯದ್ದು ತಡವಾಗಿ. ಹಾಗಾಗಿ ಬೆಳಕು ಏರುವುದಕ್ಕೆ ಆ ವಸ್ತುವನ್ನು ದಾಟಲು ಬೇಕಾದಷ್ಟು ಹೊತ್ತಾದರೂ ಹಿಡಿಯಲೇಬೇಕು. ಮೂರು ನಿಮಿಷದಲ್ಲಿ ಏರಿದರೆ, ಬೆಳಗಿದ ಜಾಗ ಬೆಳಕಿನ ಮೂರು ನಿಮಿಷದ ದಾರಿಗಿಂತ ದೊಡ್ಡದಿರುವಂತಿಲ್ಲ. ಅಂದರೆ ಅದು ಕಪ್ಪು ಕುಳಿಗಿಂತ ನೂರು ಪಟ್ಟು ಚಿಕ್ಕದು! ಆದರೆ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಬೆಳಕು ತುಂಬಿದರೆ ಗಾಮಾ ಕಿರಣ ಹೊರಗೆ ಬರುವುದೇ ಇಲ್ಲ. ಅಲ್ಲಿನ ಉಳಿದ ಬೆಳಕಿಗೆ ಬಡಿದು ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಯಾಗಿ ಮುಗಿದುಹೋಗುತ್ತದೆ.

ಈ ಬಿಕ್ಕಟ್ಟಿಗೆ ಅರ್ಧ ಉತ್ತರ ಸಿಗುವುದು ಜೆಟ್‌ನಲ್ಲಿ. ನಮ್ಮ ಗ್ಯಾಲಕ್ಸಿಯೂ ಸೇರಿದಂತೆ ಬಹುತೇಕ ಎಲ್ಲ ದೊಡ್ಡ ಗ್ಯಾಲಕ್ಸಿಗಳ ನಡುವೆಯೂ ಭಾರಿ ಕಪ್ಪು ಕುಳಿ ಇದೆ. ಹೆಚ್ಚಿನವು ತೆಪ್ಪಗಿವೆ. ಕೆಲವಕ್ಕೆ ಮಾತ್ರ ಸುತ್ತಲಿನ ಅನಿಲ ಯಥೇಚ್ಛವಾಗಿ ಸಿಗುತ್ತದೆ. ಒಳಗೆ ಬೀಳುವ ಅನಿಲ ತಟ್ಟೆಯಂತೆ ಸುತ್ತುತ್ತಾ ಕಾದು ಬೆಳಗುತ್ತದೆ. ಇವೇ ಸಕ್ರಿಯ ಗ್ಯಾಲಕ್ಸಿಗಳು. ಇವುಗಳಲ್ಲೂ ಹತ್ತರಲ್ಲಿ ಒಂದು ಮಾತ್ರ ಬಲವಾದ ಜೆಟ್ ಚಿಮ್ಮಿಸುತ್ತದೆ. ತಿರುಗುವ ಕಪ್ಪು ಕುಳಿ ಮತ್ತು ತಟ್ಟೆಯ ಕಾಂತಕ್ಷೇತ್ರ ಸೇರಿ, ಕಣಗಳ ಎರಡು ಕಿರಿದಾದ ಹರಿವುಗಳನ್ನು ಎದುರುಬದುರು ದಿಕ್ಕಿಗೆ ಬೆಳಕಿನ ವೇಗದ ಹತ್ತಿರಕ್ಕೆ ನೂಕುತ್ತವೆ. ಅದರಲ್ಲಿ ಒಂದು ಹರಿವು ನೇರ ಭೂಮಿಯ ಕಡೆಗೇ ಬರುತ್ತಿದ್ದರೆ ಆ ಗ್ಯಾಲಕ್ಸಿಯನ್ನು ಬ್ಲೇಜಾರ್ ಅನ್ನುತ್ತಾರೆ. ಪಿಕೆಎಸ್ 2155-304 ಒಂದು ಬ್ಲೇಜಾರ್.

ಬೆಳಗುವ ವಸ್ತು ಬೆಳಕಿನ ವೇಗದ ಹತ್ತಿರ ನಮ್ಮತ್ತಲೇ ಓಡಿಬರುತ್ತಿದ್ದರೆ ಮೂರು ಬದಲಾವಣೆ ಒಟ್ಟಿಗೆ ಆಗುತ್ತವೆ. ಬೆಳಕು ಎಲ್ಲ ಕಡೆ ಹರಡದೆ ಮುಂದಕ್ಕೇ ಕೇಂದ್ರೀಕರಿಸುತ್ತದೆ, ಅದರ ಶಕ್ತಿ ಏರುತ್ತದೆ, ಅಲ್ಲಿ ಗಂಟೆಗಟ್ಟಲೆ ನಡೆದದ್ದು ನಮಗೆ ನಿಮಿಷಗಳಲ್ಲಿ ನಡೆದಂತೆ ಕಾಣುತ್ತದೆ. ಹಾಗಾಗಿ ಬೆಳಗುವ ಜಾಗ ನಾವು ಲೆಕ್ಕ ಹಾಕಿದ್ದಕ್ಕಿಂತ ದೊಡ್ಡದಿರಬಹುದು, ಗಾಮಾ ಕಿರಣ ಬಚಾವಾಗಿ ಹೊರಬರಬಹುದು. ಸರಿ, ಆದರೆ ಆ ರಾತ್ರಿಯ ಮೂರು ನಿಮಿಷಕ್ಕೆ ಲೆಕ್ಕ ಕೂಡಬೇಕಾದರೆ ಜೆಟ್ ಬೆಳಕಿನ ವೇಗದ ಶೇ 99.98ರಷ್ಟಾದರೂ ವೇಗದಲ್ಲಿ ಬರಬೇಕು. ಇದೇ ಜಾತಿಯ ಬ್ಲೇಜಾರ್‌ಗಳ ಜೆಟ್‌ನಲ್ಲಿ ಹೆಚ್ಚು ಬೆಳಗುವ ಗಂಟುಗಳು ಸರಿಯುವುದನ್ನು ರೇಡಿಯೋ ಟೆಲಿಸ್ಕೋಪ್‌ಗಳು ನೇರವಾಗಿ ಅಳೆದಿವೆ. ಅಲ್ಲಿ ಇಷ್ಟು ವೇಗ ಕಾಣುವುದಿಲ್ಲ, ತುಂಬಾ ಕಡಿಮೆ ಕಾಣುತ್ತದೆ. ಹಾಗಾದರೆ ಗಾಮಾ ಕಿರಣ ಹುಟ್ಟುತ್ತಿರುವುದು ರೇಡಿಯೋದಲ್ಲಿ ಕಾಣುವ ಜಾಗದಲ್ಲಲ್ಲವೇ? ಜೆಟ್‌ನೊಳಗೆ ಇನ್ನೂ ವೇಗದ ಪುಟ್ಟ ಜೆಟ್‌ಗಳು ಇವೆಯೇ? ಈ ಪ್ರಶ್ನೆಗಳು ಶುರುವಾಗಿ 20 ವರ್ಷ ಆಗುತ್ತಾ ಬಂತು.

ಜೆಟ್‌ಗಳು ಗಾಮಾ ಕಿರಣ ಸೂಸುತ್ತವೆ ಎಂಬ ಸುಳಿವು ಮೊದಲು ಸಿಕ್ಕಿದ್ದು 1970ರ ದಶಕದಲ್ಲಿ. ಯುರೋಪಿನ ಕಾಸ್-ಬಿ ಉಪಗ್ರಹ 3ಸಿ 273 ಎಂಬ, ಅತಿ ಪ್ರಕಾಶಮಾನ ಸಕ್ರಿಯ ಗ್ಯಾಲಕ್ಸಿಯಾದ ಕ್ವೇಸಾರ್‌ನಿಂದ ಗಾಮಾ ಕಿರಣ ಬರುವುದನ್ನು ಗುರುತಿಸಿತು. ಆಮೇಲೆ ಬಹಳ ವರ್ಷ ಅದೊಂದೇ. 1991ರ ಏಪ್ರಿಲ್‌ನಲ್ಲಿ ನಾಸಾ ಕಾಂಪ್ಟನ್ ವೀಕ್ಷಣಾಲಯವನ್ನು ಹಾರಿಸಿತು. ಜೂನ್‌ನಲ್ಲಿ ಅದರ ಈಗ್ರೆಟ್ ಉಪಕರಣವನ್ನು ಕನ್ಯಾ ರಾಶಿಯಲ್ಲಿರುವ ಅದೇ 3ಸಿ 273ರ ಕಡೆ ತಿರುಗಿಸಿದರು. ಕಣ್ಣಿಗೆ ಹೊಡೆದದ್ದು ಅದರ ಅಕ್ಕಪಕ್ಕದಲ್ಲೇ ಕಾಣುವ, ಆದರೆ ಎರಡು ಪಟ್ಟಿಗೂ ಹೆಚ್ಚು ದೂರದಲ್ಲಿರುವ 3ಸಿ 279! ಬೆಳಕು ಅಲ್ಲಿಂದ ನಮಗೆ ಬರಲು 500 ಕೋಟಿ ವರ್ಷ ಬೇಕು. ಆದರೂ ಅದು ಪಕ್ಕದವನನ್ನು ಮಸುಕಾಗಿಸಿತ್ತು. ಈಗ್ರೆಟ್ ತನ್ನ ಕಾಲ ಮುಗಿಯುವುದರೊಳಗೆ ಅರವತ್ತಕ್ಕೂ ಜಾಸ್ತಿ ಬ್ಲೇಜಾರ್‌ಗಳನ್ನು ಕಂಡುಹಿಡಿಯಿತು. ಈಗ ಫರ್ಮಿ ಉಪಗ್ರಹದ ಪಟ್ಟಿಯಲ್ಲಿ 5,000ಕ್ಕೂ ಹೆಚ್ಚು ಗಾಮಾ ಮೂಲಗಳಿವೆ, ಅರ್ಧಕ್ಕಿಂತ ಜಾಸ್ತಿ ಬ್ಲೇಜಾರ್‌ಗಳೇ.

ಇಷ್ಟೆಲ್ಲ ಕಂಡರೂ ಎಲ್ಲಿಂದ ಅನ್ನುವುದು ಯಾಕೆ ಗೊತ್ತಾಗುತ್ತಿಲ್ಲ? ಗಾಮಾ ಕಿರಣದ ಟೆಲಿಸ್ಕೋಪ್‌ಗೆ ಸೂಕ್ಷ್ಮ ನೋಟ ಇಲ್ಲ. ಈ ಕಿರಣವನ್ನು ಕನ್ನಡಿಯಲ್ಲಿ ಪ್ರತಿಫಲಿಸಿ ಒಂದು ಬಿಂದುವಿಗೆ ತರಲು ಆಗುವುದಿಲ್ಲ, ಅದು ಕನ್ನಡಿಯನ್ನೇ ತೂರಿಕೊಂಡು ಹೋಗುತ್ತದೆ. ಫರ್ಮಿಯಾಗಲಿ, ನೆಲದ ಮೇಲಿನ ಟೆಲಿಸ್ಕೋಪ್‌ಗಳಾಗಲಿ ಒಂದೊಂದು ಕಿರಣ ಯಾವ ದಿಕ್ಕಿನಿಂದ ಬಂತು ಎಂದು ಹೇಳುವುದು ಹೆಚ್ಚೆಂದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗದ ನಿಖರತೆಯಲ್ಲಿ. ಚಂದ್ರನ ಅಗಲದ ಐದನೇ ಒಂದು ಭಾಗ ಅಂದುಕೊಳ್ಳಿ. ನಮಗೆ ತೀರಾ ಹತ್ತಿರದ ಜೆಟ್‌ಗಳಲ್ಲಿ ಒಂದಾದ ಎಂ87 ಗ್ಯಾಲಕ್ಸಿಯ ಜೆಟ್ ಸುಮಾರು 5,000 ಜ್ಯೋತಿರ್ವರ್ಷ ಉದ್ದ. ಆಕಾಶದಲ್ಲಿ ಅದು ತುಂಬುವುದು ಚಂದ್ರನ ಅಗಲದ ಸುಮಾರು ನೂರನೇ ಒಂದು ಭಾಗ ಮಾತ್ರ. ಹಾಗಾಗಿ ಕಪ್ಪು ಕುಳಿ, ಜೆಟ್‌ನ ಬುಡ, ಅದರ ಗಂಟುಗಳು, ತುದಿ, ಎಲ್ಲವೂ ಗಾಮಾ ಚಿತ್ರದಲ್ಲಿ ಒಂದೇ ಚುಕ್ಕೆ.

ಚಿತ್ರ ಸಿಗದಿದ್ದರೆ ಉಳಿಯುವುದು ಸಮಯ. ಗಾಮಾ ಬೆಳಕು ಏರಿದ ಹೊತ್ತಿಗೇ ರೇಡಿಯೋದಲ್ಲಿ, ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಎಕ್ಸ್‌ರೇಯಲ್ಲಿ ಏನಾದರೂ ಬದಲಾಯಿತೇ ಎಂದು ನೋಡಬೇಕು. ಆ ಟೆಲಿಸ್ಕೋಪ್‌ಗಳಿಗೆ ಸೂಕ್ಷ್ಮ ನೋಟ ಇದೆ. ಅವು ತೋರಿಸಿದ ಜಾಗವೇ ಗಾಮಾ ಹುಟ್ಟಿದ ಜಾಗ ಎಂದು ತರ್ಕ ಮಾಡಬೇಕು. ಈ ಕ್ಷೇತ್ರದ ಗೆಲುವು ಸೋಲು ಎರಡೂ ಇದರಲ್ಲೇ ಇವೆ. ಒಬ್ಬರು ನೋಡುತ್ತಿದ್ದಾಗ ಇನ್ನೊಬ್ಬರು ನೋಡದಿದ್ದರೆ ಆ ಸ್ಫೋಟದಿಂದ ಕಲಿಯುವುದು ಅರ್ಧಕ್ಕೇ ನಿಲ್ಲುತ್ತದೆ. ಮುಂದೆ ಹೇಳುವ ಎಲ್ಲ ಪ್ರಸಂಗಗಳಲ್ಲೂ ನಾನು ಕಾಣುವುದು ಇದನ್ನೇ.

ಎಂ87ನ್ನೇ ತೆಗೆದುಕೊಳ್ಳಿ. ದೂರ 5.5 ಕೋಟಿ ಜ್ಯೋತಿರ್ವರ್ಷ. 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಹೆಬರ್ ಕರ್ಟಿಸ್ ಈ ಗ್ಯಾಲಕ್ಸಿಯ ನಡುವಿನಿಂದ ಒಂದು ನೇರ ಗೆರೆ ಹೊರಟಿರುವುದನ್ನು ಗಮನಿಸಿ ಬರೆದಿಟ್ಟಿದ್ದರು. ಮನುಷ್ಯ ಕಂಡ ಮೊದಲ ಜೆಟ್ ಅದು. 2017ರಲ್ಲಿ ತೆಗೆದು 2019ರಲ್ಲಿ ಪ್ರಪಂಚವೆಲ್ಲ ನೋಡಿದ ಕಪ್ಪು ಕುಳಿಯ ಮೊದಲ ಚಿತ್ರವೂ ಇದರದ್ದೇ. ಅದರ ತೂಕ 650 ಕೋಟಿ ಸೂರ್ಯರಷ್ಟು. ಈ ಜೆಟ್ ಭೂಮಿಯ ಕಡೆ ನೇರವಾಗಿ ಬರುತ್ತಿಲ್ಲ, ಸ್ವಲ್ಪ ಓರೆಯಾಗಿದೆ. ಅದರಿಂದ ಒಂದು ಅನುಕೂಲ: ಜೆಟ್‌ನ ಉದ್ದವನ್ನು ಪಕ್ಕದಿಂದ ನೋಡಬಹುದು. ಬ್ಲೇಜಾರ್‌ನಲ್ಲಿ ಎಲ್ಲವೂ ಒಂದರ ಹಿಂದೆ ಒಂದು ಮರೆಯಾಗಿರುತ್ತದೆ.

2005ರಲ್ಲಿ ಎಂ87ರಿಂದ ಬರುವ ಗಾಮಾ ಕಿರಣ ಏರಿತು. ಅದೇ ಹೊತ್ತಿಗೆ ಜೆಟ್‌ನ ಎಚ್‌ಎಸ್‌ಟಿ-1 ಎಂಬ ಗಂಟು ಎಕ್ಸ್‌ರೇಯಲ್ಲಿ ಜೋರಾಗಿ ಬೆಳಗುತ್ತಿತ್ತು. ಆ ಗಂಟು ಕಪ್ಪು ಕುಳಿಯಿಂದ ಇನ್ನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ಆಚೆ ಇದೆ. ಗಾಮಾ ಹುಟ್ಟಿದ್ದು ಅಲ್ಲೇ ಇರಬೇಕು ಎಂದು ಹಲವರು ವಾದಿಸಿದರು. 2008ರಲ್ಲಿ ಮತ್ತೆ ಏರಿತು. ಈ ಸಲ ಎಚ್‌ಎಸ್‌ಟಿ-1 ತಣ್ಣಗಿತ್ತು. ರೇಡಿಯೋದಲ್ಲಿ ಬೆಳಗಿದ್ದು ಕಪ್ಪು ಕುಳಿಯ ಪಕ್ಕದ ಬುಡ. 2010ರಲ್ಲಿ ಮತ್ತೊಂದು ಸ್ಫೋಟ, ಆಗ ಎಕ್ಸ್‌ರೇ ಏರಿದ್ದು ಬುಡದಲ್ಲಿ, ಆದರೆ 2008ರಲ್ಲಿ ಆದಂತೆ ರೇಡಿಯೋ ಏರಲಿಲ್ಲ. ಒಂದೇ ಗ್ಯಾಲಕ್ಸಿ, ಮೂರು ಸ್ಫೋಟ, ಮೂರು ಬಗೆಯ ಸಾಕ್ಷಿ.

ಆಮೇಲೆ ಎಂಟು ವರ್ಷ ಎಂ87 ಹೆಚ್ಚುಕಡಿಮೆ ಸುಮ್ನಿತ್ತು. 2018ರ ಏಪ್ರಿಲ್‌ನಲ್ಲಿ ಆ ಮೊದಲ ಚಿತ್ರ ತೆಗೆದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಅದರ ಕಪ್ಪು ಕುಳಿಯನ್ನು ಎರಡನೇ ಸಲ ನೋಡುತ್ತಿತ್ತು. ನೆಲದ ಮೇಲಿನ ಮತ್ತು ಬಾಹ್ಯಾಕಾಶದ ಎರಡು ಡಜನ್‌ಗೂ ಹೆಚ್ಚು ಟೆಲಿಸ್ಕೋಪ್‌ಗಳು ಅದೇ ಹೊತ್ತಿಗೆ ಅದರತ್ತಲೇ ತಿರುಗಿದ್ದವು. ಆಗಲೇ ಅದು ಸಿಡಿಯಿತು! ಅತಿಶಕ್ತಿಯ ಗಾಮಾ ಕಿರಣ ಸುಮಾರು ಮೂರು ದಿನ ಏರಿ ಇಳಿಯಿತು. ಈ ಫಲಿತಾಂಶ ಪ್ರಕಟವಾದದ್ದು 2024ರ ಡಿಸೆಂಬರ್‌ನಲ್ಲಿ. ಮೂರು ದಿನ ಅಂದರೆ ಬೆಳಗಿದ ಜಾಗ ಬೆಳಕಿನ ಮೂರು ದಿನದ ದಾರಿಗಿಂತ ಚಿಕ್ಕದು. ಎಂ87ರ ಕಪ್ಪು ಕುಳಿಯನ್ನು ದಾಟಲು ಬೆಳಕಿಗೆ ಒಂದೂವರೆ ದಿನ ಬೇಕು. ಹಾಗಾಗಿ ಬೆಳಗಿದ್ದು ಕಪ್ಪು ಕುಳಿಯ ಅಳತೆಯದ್ದೇ ಒಂದು ಸಣ್ಣ ಜಾಗ. ಕಪ್ಪು ಕುಳಿಯ ಸುತ್ತ ಕಾಣುವ ಉಂಗುರದಲ್ಲಿ ಪ್ರಕಾಶ ಜಾಸ್ತಿ ಇರುವ ಬದಿ 2017ರಿಂದ 2018ಕ್ಕೆ ಬದಲಾಗಿತ್ತು, ಜೆಟ್‌ನ ದಿಕ್ಕಿನಲ್ಲೂ ವ್ಯತ್ಯಾಸ ಕಂಡಿತು. ಇವೆಲ್ಲ ಒಂದಕ್ಕೊಂದು ತಳುಕು ಹಾಕಿಕೊಂಡಿವೆ ಎಂದು ಇನ್ನೂ ಸಾಬೀತಾಗಿಲ್ಲ. ಆದರೂ ಕಪ್ಪು ಕುಳಿಯ ಉಂಗುರವನ್ನೂ ಗಾಮಾ ಸ್ಫೋಟವನ್ನೂ ಒಂದೇ ವಾರಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದು ಅದೇ ಮೊದಲು. ನನಗೆ ಇದು ಕಪ್ಪು ಕುಳಿಯ ಮೊದಲ ಚಿತ್ರಕ್ಕಿಂತ ಕಡಿಮೆ ದೊಡ್ಡ ಸುದ್ದಿಯಾಗಿ ಕಾಣುವುದಿಲ್ಲ.

ಹಾಗಾದರೆ ಗಾಮಾ ಕಿರಣ ಬುಡದಲ್ಲೇ ಹುಟ್ಟುತ್ತದೆ ಎಂದು ತೀರ್ಮಾನ ಮಾಡಬಹುದೇ? ಇಲ್ಲ, ಅದಕ್ಕೆ ಎದುರು ಸಾಕ್ಷಿ ಸೆಂಟಾರಸ್-ಎ ಎಂಬ ಗ್ಯಾಲಕ್ಸಿ. ಅದು ಎಂ87ಕ್ಕಿಂತಲೂ ಹತ್ತಿರ, 1.2 ಕೋಟಿ ಜ್ಯೋತಿರ್ವರ್ಷ. ಹೆಸ್ ಟೆಲಿಸ್ಕೋಪ್‌ಗಳು ಅದನ್ನು 200 ಗಂಟೆಗೂ ಹೆಚ್ಚು ಹೊತ್ತು ನೋಡಿದವು. ಅದರ ಗಾಮಾ ಬೆಳಕು ಒಂದೇ ಚುಕ್ಕೆಯಾಗಿಲ್ಲ, ಜೆಟ್‌ನ ಉದ್ದಕ್ಕೂ ಸಾವಿರಾರು ಜ್ಯೋತಿರ್ವರ್ಷ ಹರಡಿದೆ ಎಂದು 2020ರಲ್ಲಿ ಪ್ರಕಟಿಸಿದರು. ಇಲ್ಲಿ ಒಂದು ಗಟ್ಟಿ ತರ್ಕ ಇದೆ. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಬೆಳಕು ಸೂಸಿ ಸೂಸಿ ಕೆಲವು ನೂರು ವರ್ಷಗಳಲ್ಲಿ ಬಡವಾಗುತ್ತದೆ. ಕಪ್ಪು ಕುಳಿಯ ಬಳಿ ಹೊರಟದ್ದು ಸಾವಿರಾರು ಜ್ಯೋತಿರ್ವರ್ಷ ದಾಟಿ ಬಂದು ಅಲ್ಲಿ ಬೆಳಗಲು ಸಾಧ್ಯವೇ ಇಲ್ಲ. ಹಾಗಾಗಿ ಜೆಟ್ ದಾರಿಯುದ್ದಕ್ಕೂ ಹೊಸಹೊಸದಾಗಿ ಎಲೆಕ್ಟ್ರಾನ್‌ಗಳಿಗೆ ಶಕ್ತಿ ತುಂಬುತ್ತಿದೆ.

ಇನ್ನೊಂದು ತೊಡಕು ಕ್ವೇಸಾರ್‌ಗಳದ್ದು. ಅವುಗಳ ಕಪ್ಪು ಕುಳಿಯ ಸುತ್ತ ಪ್ರಕಾಶಮಾನವಾದ ಅನಿಲದ ಮೋಡಗಳಿವೆ. ಆ ಬೆಳಕಿನೊಳಗೆ ಅತಿಶಕ್ತಿಯ ಗಾಮಾ ಕಿರಣ ಹುಟ್ಟಿದರೆ ಅಲ್ಲೇ ನುಂಗಿಹೋಗುತ್ತದೆ. 2010ರ ಜೂನ್‌ನಲ್ಲಿ ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ಟೆಲಿಸ್ಕೋಪ್‌ಗಳು ಪಿಕೆಎಸ್ 1222+21 ಎಂಬ ಕ್ವೇಸಾರ್‌ನಿಂದ ಅಂಥ ಕಿರಣ ಬರುವುದನ್ನು ಕಂಡವು. ನುಂಗಿಹೋಗದೆ ಬಂತು ಅಂದಮೇಲೆ ಮೋಡಗಳ ಆಚೆ, ದೂರದಲ್ಲೇ ಹುಟ್ಟಿರಬೇಕು. ಆದರೆ ಬೆಳಕು ಹತ್ತೇ ನಿಮಿಷದಲ್ಲಿ ಇಮ್ಮಡಿಯಾಯಿತು, ಅಂದಮೇಲೆ ಜಾಗ ಪುಟ್ಟದು. ದೂರ ಹೋದಂತೆ ಜೆಟ್ ಅಗಲವಾಗುತ್ತದೆ. ಅಷ್ಟು ಅಗಲದ ಜೆಟ್‌ನಲ್ಲಿ ಅಷ್ಟು ಪುಟ್ಟ ಜಾಗ ಮಾತ್ರ ಬೆಳಗಿದ್ದು ಹೇಗೆ? ಜೆಟ್‌ನೊಳಗಿನ ಸಿಕ್ಕುಗಟ್ಟಿದ ಕಾಂತರೇಖೆಗಳು ತುಂಡಾಗಿ ಮತ್ತೆ ಬೆಸೆಯುವಾಗ ಸಣ್ಣಸಣ್ಣ ಜಾಗಗಳಲ್ಲಿ ಒಮ್ಮೆಲೇ ಶಕ್ತಿ ಬಿಡುಗಡೆಯಾಗುತ್ತದೆ ಅನ್ನುವುದು ಈಗ ಹಲವರು ಒಪ್ಪುವ ವಿವರಣೆ. ಸೂರ್ಯನ ಮೇಲಿನ ಸ್ಫೋಟಗಳೂ ಇದೇ ರೀತಿ ಆಗುತ್ತವೆ.

ಇದನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು. ಗಾಮಾ ಕಿರಣ ಹುಟ್ಟುವ ಒಂದೇ ಒಂದು ಜಾಗ ಇಲ್ಲ. ಎಂ87ರ 2018ರ ಸ್ಫೋಟ ಬುಡದ್ದು, ಸೆಂಟಾರಸ್-ಎಯ ನಿಧಾನದ ಬೆಳಕು ಉದ್ದಕ್ಕೂ ಹರಡಿದ್ದು, ಕ್ವೇಸಾರ್‌ಗಳ ಮಿಂಚು ನಡುದಾರಿಯದ್ದು. ಬಹಳ ವರ್ಷ ನಡೆದ ಚರ್ಚೆಯಲ್ಲಿ ಹತ್ತಿರದ ಪಕ್ಷ, ದೂರದ ಪಕ್ಷ ಎಂದು ಎರಡು ಬಣ ಇದ್ದವು. ಒಂದು ಬಣ ಗೆಲ್ಲಲೇಬೇಕು ಅನ್ನುವ ಹಟ ಚರ್ಚೆಗೆ ಒಳ್ಳೆಯದು ಮಾಡಲಿಲ್ಲ. ಪ್ರತಿ ಸ್ಫೋಟಕ್ಕೂ ಬೇರೆಯಾಗಿ ಜಾಗ ಹುಡುಕಬೇಕು. ಹಾಗೆ ಹುಡುಕಲು ಸ್ಫೋಟ ಆಗುವಾಗಲೇ ನೋಡುತ್ತಿರಬೇಕು.

ಜಾಗದ ಜೊತೆಗೇ ಬರುವ ಪ್ರಶ್ನೆ: ಬೆಳಗುತ್ತಿರುವುದು ಯಾವ ಕಣ?

ಮೊದಲ ಆರೋಪಿ ಎಲೆಕ್ಟ್ರಾನ್. ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಅದು ರೇಡಿಯೋದಿಂದ ಎಕ್ಸ್‌ರೇವರೆಗಿನ ಬೆಳಕು ಸೂಸುತ್ತದೆ. ಜೊತೆಗೆ ಸುತ್ತಮುತ್ತಲಿನ ಸಾಮಾನ್ಯ ಬೆಳಕಿನ ಕಣಗಳಿಗೆ ಡಿಕ್ಕಿ ಹೊಡೆಯುತ್ತದೆ. ಕೇರಂ ಬೋರ್ಡಿನಲ್ಲಿ ಜೋರಾಗಿ ಬಂದ ಸ್ಟ್ರೈಕರ್ ನಿಂತಿದ್ದ ಕಾಯಿಗೆ ತನ್ನ ವೇಗವನ್ನು ಕೊಟ್ಟು ಅಟ್ಟುತ್ತದಲ್ಲ, ಹಾಗೆ ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ಬೆಳಕಿನ ಕಣಕ್ಕೆ ದಾಟಿಸುತ್ತದೆ. ಅದೇ ಗಾಮಾ ಕಿರಣವಾಗಿ ಹೊರಡುತ್ತದೆ. ಎರಡನೇ ಆರೋಪಿ ಪ್ರೋಟಾನ್. ಭಾರಿ ಶಕ್ತಿಯ ಪ್ರೋಟಾನ್ ಬೆಳಕಿಗೋ ಅನಿಲಕ್ಕೋ ಬಡಿದರೆ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟುತ್ತದೆ. ಅದು ಸತ್ತಾಗ ಗಾಮಾ ಕಿರಣವೂ ಬರುತ್ತದೆ, ಯಾವುದಕ್ಕೂ ಅಷ್ಟಾಗಿ ಬಡಿಯದೆ ತೂರಿಹೋಗುವ ನ್ಯೂಟ್ರಿನೋ ಎಂಬ ಕಣವೂ ಬರುತ್ತದೆ. ಎಲೆಕ್ಟ್ರಾನ್ ದಾರಿಯಲ್ಲಿ ನ್ಯೂಟ್ರಿನೋ ಇಲ್ಲ. ಹಾಗಾಗಿ ನ್ಯೂಟ್ರಿನೋ ಸಿಕ್ಕರೆ ಪ್ರೋಟಾನ್ ಅಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಈ ನ್ಯೂಟ್ರಿನೋ ನಮಗೆ ಕೋಲಾರದ ಚಿನ್ನದ ಗಣಿಯಿಂದ ಪರಿಚಯವಿರುವ ವಿಷಯ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಕೆಳಗೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನವರ ಜೊತೆ ಸೇರಿ ಉಪಕರಣ ಹೂಡಿದ್ದರು. ಅಂತರಿಕ್ಷದಿಂದ ಬರುವ ಪ್ರೋಟಾನ್‌ಗಳು ನಮ್ಮ ವಾತಾವರಣಕ್ಕೆ ಬಡಿದಾಗ ಇದೇ ಪಯಾನ್ ಹುಟ್ಟಿ, ಅದರಿಂದ ನ್ಯೂಟ್ರಿನೋ ಬರುತ್ತದೆ. 1965ರಲ್ಲಿ ಅವರಿಗೆ ಅದರ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತು. ಕೆಜಿಎಫ್ ಪ್ರಯೋಗಗಳನ್ನು ಮೊದಲಿನಿಂದ ಕಟ್ಟಿ ಬೆಳೆಸಿದವರಲ್ಲಿ ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ ಪ್ರಮುಖರು. ಈ ಕೆಲಸಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಮರ್ಯಾದೆ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಕೊರಗು. ಗಣಿಯ ಹೆಸರು ಎಲ್ಲರಿಗೂ ಗೊತ್ತು, ಅದರ ತಳದಲ್ಲಿ ನಡೆದ ಈ ಕೆಲಸ ಶಾಲೆಯ ಮಕ್ಕಳಿಗೂ ಗೊತ್ತಾಗಬೇಕು.

ಜೆಟ್‌ನ ವಿಷಯದಲ್ಲಿ ನ್ಯೂಟ್ರಿನೋ ಸಾಕ್ಷಿ ಹೇಳಿದ್ದು 2017ರ ಸೆಪ್ಟೆಂಬರ್ 22ರಂದು. ದಕ್ಷಿಣ ಧ್ರುವದ ಹಿಮದಡಿ ಇರುವ, ನ್ಯೂಟ್ರಿನೋ ಹಿಡಿಯುವ ಐಸ್‌ಕ್ಯೂಬ್ ಉಪಕರಣ ಒಂದೇ ಒಂದು ನ್ಯೂಟ್ರಿನೋದ ಗುರುತು ಹಿಡಿಯಿತು. ಅಂದಾಜು ಶಕ್ತಿ 290 ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್. ಜಿನೀವಾದ ಎಲ್‌ಎಚ್‌ಸಿ ಯಂತ್ರ ಒಂದು ಪ್ರೋಟಾನ್‌ಗೆ ಕೊಡುವ ಶಕ್ತಿಯ ನಲವತ್ತು ಪಟ್ಟಿಗೂ ಹೆಚ್ಚು. 43 ಸೆಕೆಂಡಿನಲ್ಲಿ ಪ್ರಪಂಚದ ಟೆಲಿಸ್ಕೋಪ್‌ಗಳಿಗೆಲ್ಲ ಸಂದೇಶ ಹೋಯಿತು. ಆ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಇತ್ತು, ಅದು ಗಾಮಾ ಕಿರಣದಲ್ಲಿ ಉರಿಯುತ್ತಿರುವುದನ್ನು ಫರ್ಮಿ ತೋರಿಸಿತು. ಮ್ಯಾಜಿಕ್ ಕೂಡ ಅತಿಶಕ್ತಿಯ ಕಿರಣ ಕಂಡಿತು. ಪ್ರೋಟಾನ್ ಪಕ್ಷ ಗೆದ್ದಿತು ಎಂದು ಬಹಳ ಜನ ಸಂಭ್ರಮಿಸಿದರು.

ಆದರೆ ಹಳೆಯ ದಾಖಲೆ ತೆಗೆದು ನೋಡಿದಾಗ ಕಥೆ ತೊಡಕಾಯಿತು. 2014ರ ಕೊನೆಯಿಂದ 2015ರ ಆರಂಭದವರೆಗೆ ಅದೇ ದಿಕ್ಕಿನಿಂದ ಹನ್ನೆರಡು ಹದಿಮೂರು ನ್ಯೂಟ್ರಿನೋಗಳು ಹೆಚ್ಚಾಗಿ ಬಂದಿದ್ದವು. ಆಗ ಗಾಮಾ ಕಿರಣ ಏರಿರಲೇ ಇಲ್ಲ! ಆಮೇಲೆ 2022ರಲ್ಲಿ ಐಸ್‌ಕ್ಯೂಬ್ ಎನ್‌ಜಿಸಿ 1068 ಎಂಬ ಹತ್ತಿರದ ಗ್ಯಾಲಕ್ಸಿಯಿಂದ 80ರಷ್ಟು ನ್ಯೂಟ್ರಿನೋಗಳು ಬಂದಿರುವುದಾಗಿ ಹೇಳಿತು. ಅದು ಬ್ಲೇಜಾರ್ ಅಲ್ಲ. ಅದರಿಂದ ಅತಿಶಕ್ತಿಯ ಗಾಮಾ ಕಿರಣ ಕಂಡೇ ಇಲ್ಲ. ನ್ಯೂಟ್ರಿನೋ ಹುಟ್ಟುವ ಜಾಗ ಬೆಳಕಿನಿಂದ ಎಷ್ಟು ದಟ್ಟವಾಗಿದೆಯೆಂದರೆ ಜೊತೆಗೆ ಹುಟ್ಟಿದ ಗಾಮಾ ಕಿರಣ ಅಲ್ಲೇ ಮುಗಿದುಹೋಗುತ್ತದೆ, ನ್ಯೂಟ್ರಿನೋ ಮಾತ್ರ ಪಾರಾಗುತ್ತದೆ. ಹೀಗೆ ಯೋಚಿಸಿದರೆ ನ್ಯೂಟ್ರಿನೋ ಮತ್ತು ಗಾಮಾ ಕಿರಣ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಬರಬೇಕು ಅನ್ನುವ ನಿರೀಕ್ಷೆಯೇ ಸರಿಯಿಲ್ಲ.

ಈ ನಡುವೆ ಎಲೆಕ್ಟ್ರಾನ್ ಪರವಾಗಿ ಗಟ್ಟಿ ಪುರಾವೆ ಬಂತು. ಎಕ್ಸ್‌ರೇಯ ಧ್ರುವೀಕರಣ ಅಳೆಯುವ ನಾಸಾದ ಐಎಕ್ಸ್‌ಪಿಇ ಉಪಗ್ರಹ 2021ರ ಡಿಸೆಂಬರ್‌ನಲ್ಲಿ ಹಾರಿತು. ಬೆಳಕಿನ ಅಲೆಗಳು ಎಷ್ಟು ಮಟ್ಟಿಗೆ ಒಂದೇ ದಿಕ್ಕಿನಲ್ಲಿ ತೂಗುತ್ತಿವೆ ಎಂಬುದೇ ಧ್ರುವೀಕರಣ. ಆ ಬೆಳಕು ಹುಟ್ಟಿದ ಕಡೆ ಕಾಂತಕ್ಷೇತ್ರ ಅಚ್ಚುಕಟ್ಟಾಗಿದೆಯೋ ಸಿಕ್ಕಾಗಿದೆಯೋ ಎಂದು ಅದು ಹೇಳುತ್ತದೆ. 2022ರಲ್ಲಿ ಮಾರ್ಕೇರಿಯನ್ 501 ಎಂಬ ಬ್ಲೇಜಾರ್‌ನಲ್ಲಿ ಎಕ್ಸ್‌ರೇ ಧ್ರುವೀಕರಣ ಕಾಣುವ ಬೆಳಕಿನದ್ದಕ್ಕಿಂತ ಎರಡು ಪಟ್ಟು ಇತ್ತು. ಅಂದರೆ ಕಣಗಳು ಒಂದು ಆಘಾತದ ಅಲೆಯ ಮುಂಚೂಣಿಯಲ್ಲಿ ಶಕ್ತಿ ಪಡೆದು, ದೂರ ಹೋದಂತೆ ಬಳಲುತ್ತಿವೆ ಎಂದು ಅರ್ಥ. 2023ರ ನವೆಂಬರ್‌ನಲ್ಲಿ ಬಿಎಲ್ ಲ್ಯಾಸರ್ಟೇಯನ್ನು ನೋಡಿದರು. ಬ್ಲೇಜಾರ್‌ಗಳ ಒಂದು ದೊಡ್ಡ ಪಂಗಡಕ್ಕೆ ಇದರದ್ದೇ ಹೆಸರು. ಆಗ ಅದರ ಕಾಣುವ ಬೆಳಕಿನ ಧ್ರುವೀಕರಣ ಶೇ 47.5ಕ್ಕೆ ಏರಿತ್ತು. ಎಕ್ಸ್‌ರೇಯದ್ದು ಶೇ 7.6ಕ್ಕಿಂತ ಕಡಿಮೆ. ಪ್ರೋಟಾನ್‌ಗಳಿಂದ ಎಕ್ಸ್‌ರೇ ಬರುತ್ತಿದ್ದರೆ ಅದರ ಧ್ರುವೀಕರಣವೂ ಜಾಸ್ತಿಯೇ ಇರಬೇಕಿತ್ತು. ಎಲೆಕ್ಟ್ರಾನ್ ಡಿಕ್ಕಿಯಿಂದ ಬಂದಿದ್ದರೆ ಮಾತ್ರ ಅದು ಹೀಗೆ ಕುಸಿಯುತ್ತದೆ. ನನ್ನ ಓದಿನ ಪ್ರಕಾರ ಇದು ಈ ದಶಕದ ಅತಿ ಸ್ಪಷ್ಟ ತೀರ್ಪು: ಜೆಟ್‌ನ ಬೆಳಕಿನ ಬಹುಪಾಲು ಎಲೆಕ್ಟ್ರಾನ್‌ನದ್ದು. ಪ್ರೋಟಾನ್‌ಗಳು ಇರಬಹುದು, ನ್ಯೂಟ್ರಿನೋ ಕಳಿಸುತ್ತಲೂ ಇರಬಹುದು, ಆದರೆ ನಾವು ಕಾಣುವ ಬೆಳಕಿನಲ್ಲಿ ಅವುಗಳ ಪಾಲು ಸಣ್ಣದು. ನೆನಪಿಡಬೇಕಾದದ್ದು, ಇಲ್ಲಿಯೂ ಉತ್ತರ ಸಿಕ್ಕಿದ್ದು ಎರಡು ಬಗೆಯ ಟೆಲಿಸ್ಕೋಪ್ ಒಂದೇ ಹೊತ್ತಿಗೆ ನೋಡಿದ್ದರಿಂದ.

ಈಗ ಆತಂಕದ ಮಾತಿಗೆ ಬರುತ್ತೇನೆ. ಇಷ್ಟು ವರ್ಷ ಇಡೀ ಗಾಮಾ ಆಕಾಶಕ್ಕೆ ಕಾವಲಿದ್ದದ್ದು ಫರ್ಮಿ. ಅದು ಮೂರು ಗಂಟೆಗೊಮ್ಮೆ ಆಕಾಶವನ್ನೆಲ್ಲ ಒಂದು ಸುತ್ತು ನೋಡುವಂತೆ ರೂಪಿಸಿದ ಉಪಗ್ರಹ. ಎಲ್ಲಿ ಏನು ಹೊತ್ತಿಕೊಂಡರೂ ಮೊದಲು ಕೂಗುವುದು ಅದೇ. ಹಾರಿದ್ದು 2008ರ ಜೂನ್ 11ರಂದು. 2018ರ ಮಾರ್ಚ್‌ನಲ್ಲಿ ಅದರ ಒಂದು ಸೌರಫಲಕ ತಿರುಗುವುದನ್ನು ನಿಲ್ಲಿಸಿತು. ಆಮೇಲೆ ಆಕಾಶ ನೋಡುವ ಕ್ರಮವನ್ನೇ ಬದಲಿಸಬೇಕಾಯಿತು. ಇಟಲಿಯ ಅಜಿಲೆ ಉಪಗ್ರಹವೂ ಇದೇ ಕೆಲಸ ಮಾಡುತ್ತಿತ್ತು, 2024ರ ಫೆಬ್ರುವರಿಯಲ್ಲಿ ಅದು ವಾತಾವರಣಕ್ಕೆ ಬಿದ್ದು ಮುಗಿಯಿತು. ನಾಸಾ ಕಟ್ಟುತ್ತಿರುವ ಕೋಸಿ ಉಪಗ್ರಹ ನೋಡುವುದು ತುಂಬಾ ಕಡಿಮೆ ಶಕ್ತಿಯ ಗಾಮಾ ಕಿರಣವನ್ನು. ಫರ್ಮಿಯ ಕೆಲಸ ಅದರಿಂದ ಆಗುವುದಿಲ್ಲ.

ಇನ್ನೊಂದು ಕಡೆ ನೆಲದ ಮೇಲೆ ಭಾರಿ ಸಿದ್ಧತೆ ನಡೆದಿದೆ. ಚಿಲಿಯ ಪರನಾಲ್ ಬಳಿ ಮತ್ತು ಲಾ ಪಾಲ್ಮಾದಲ್ಲಿ ಗಾಮಾ ಕಿರಣ ನೋಡುವ ಸಿಟಿಎಒ ವೀಕ್ಷಣಾಲಯ ಏಳುತ್ತಿದೆ. ಅದರ ಮೊದಲ 23 ಮೀಟರ್ ಟೆಲಿಸ್ಕೋಪ್ 2018ರಲ್ಲೇ ಉದ್ಘಾಟನೆಯಾಯಿತು. 2023ರ ಡಿಸೆಂಬರ್‌ನಲ್ಲಿ ಅದು ಒಪಿ 313 ಎಂಬ ಕ್ವೇಸಾರ್‌ನಿಂದ ಅತಿಶಕ್ತಿಯ ಗಾಮಾ ಕಿರಣ ಹಿಡಿಯಿತು. ಅಲ್ಲಿಂದ ಬೆಳಕು ಬರಲು ಸುಮಾರು 800 ಕೋಟಿ ವರ್ಷ ಬೇಕು. ಅಲ್ಲಿಗೆ ಟೆಲಿಸ್ಕೋಪ್ ತಿರುಗಿಸಿದ್ದೇ ಫರ್ಮಿ ಕಂಡ ಏರಿಕೆಯಿಂದ. ನೆಲದ ಟೆಲಿಸ್ಕೋಪ್‌ಗಳು ಒಂದು ಸಲಕ್ಕೆ ನೋಡುವುದು ಆಕಾಶದ ಕೆಲವೇ ಡಿಗ್ರಿ. ಎತ್ತ ನೋಡಬೇಕೆಂದು ಹೇಳುವವರು ಬೇಕು. ಸಿಟಿಎಒ ಪೂರ್ತಿಯಾಗುವ ಹೊತ್ತಿಗೆ ಫರ್ಮಿ ಇಲ್ಲದಿದ್ದರೆ ಏನು ಗತಿ? ಚೀನಾದ ಎತ್ತರದ ಬಯಲಿನ ಲಾಸೋ ವೀಕ್ಷಣಾಲಯ ಹಗಲಿರುಳು ಆಕಾಶದ ದೊಡ್ಡ ಭಾಗ ನೋಡುತ್ತದೆ, ಆದರೆ ಅದರ ಬಲ ಇರುವುದು ಇನ್ನೂ ಹೆಚ್ಚಿನ ಶಕ್ತಿಯ ಕಿರಣಗಳಲ್ಲಿ. ಬಹು ದೂರದ ಬ್ಲೇಜಾರ್‌ಗಳ ಅಂಥ ಕಿರಣಗಳು ದಾರಿಯಲ್ಲೇ ನಕ್ಷತ್ರಗಳ ಹಳೆಯ ಬೆಳಕಿಗೆ ಬಡಿದು ಕಳೆದುಹೋಗುತ್ತವೆ.

ಹೊತ್ತಿನ ವಿಷಯದಲ್ಲಿ ಭಾರತಕ್ಕೆ ಒಂದು ಅಪರೂಪದ ಜಾಗ ಸಿಕ್ಕಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಮೇಸ್ ಟೆಲಿಸ್ಕೋಪ್ ಇದೆ. 21 ಮೀಟರ್ ಅಗಲದ ಕನ್ನಡಿ, 1,088 ಬೆಳಕು ಗ್ರಾಹಕಗಳ ಕ್ಯಾಮೆರಾ. ಗಾಮಾ ಕಿರಣವೊಂದು ಮೇಲಿನ ವಾತಾವರಣಕ್ಕೆ ಬಡಿದಾಗ ಕಣಗಳ ಮಳೆಯೇ ಸುರಿಯುತ್ತದೆ. ಅವು ಗಾಳಿಯಲ್ಲಿ ಬೆಳಕು ಓಡುವುದಕ್ಕಿಂತ ವೇಗವಾಗಿ ಓಡುತ್ತಾ ಚೆರೆಂಕೋವ್ ಬೆಳಕು ಎಂಬ ನೀಲಿ ಬೆಳಕು ಚೆಲ್ಲುತ್ತವೆ. ಅದು ಇರುವುದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಕೆಲವು ಪಟ್ಟು ಹೊತ್ತು ಮಾತ್ರ. ಮೇಸ್ ಹಿಡಿಯುವುದು ಈ ಮಿಂಚನ್ನು. ಮಾಮೂಲಿ ಟೆಲಿಸ್ಕೋಪ್‌ನಂತೆ ಗಂಟೆಗಟ್ಟಲೆ ಬೆಳಕು ಕೂಡಿಸುತ್ತಾ ಕೂತರೆ ಇದು ರಾತ್ರಿಯ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಎತ್ತರದ ಜಾಗದಲ್ಲಿ ಈ ಬೆಳಕು ಹೆಚ್ಚು ದಟ್ಟವಾಗಿ ಸಿಗುತ್ತದೆ, ಹಾಗಾಗಿ ಕಡಿಮೆ ಶಕ್ತಿಯ ಗಾಮಾ ಕಿರಣವನ್ನೂ ಗುರುತಿಸಬಹುದು. ಮೇಸ್ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 4ರಂದು. ಅದಕ್ಕೂ ಮೊದಲೇ 20 ಕೋಟಿ ಜ್ಯೋತಿರ್ವರ್ಷಕ್ಕೂ ದೂರದಿಂದ ಬಂದ ಗಾಮಾ ಸ್ಫೋಟಗಳನ್ನು ಅದು ಕಂಡಿತ್ತು.

ಆದರೆ ಹಾನ್ಲೆಯ ದೊಡ್ಡ ಬಲ ಎತ್ತರಕ್ಕಿಂತ ಅದರ ರೇಖಾಂಶದಲ್ಲಿದೆ ಎಂದು ನನಗನ್ನಿಸುತ್ತದೆ. ಅಲ್ಲಿ ನಡುರಾತ್ರಿಯಾದಾಗ ವೆರಿಟಾಸ್ ಟೆಲಿಸ್ಕೋಪ್‌ಗಳಿರುವ ಅರಿಜೋನಾದಲ್ಲಿ ಬೆಳಗ್ಗೆ 11.30. ಲಾ ಪಾಲ್ಮಾದಲ್ಲಿ ಇನ್ನೂ ಸಂಜೆ. ಚಿಲಿಯಲ್ಲಿ ಮಧ್ಯಾಹ್ನ. ನಮೀಬಿಯಾದಲ್ಲಿ ರಾತ್ರಿ ಈಗಷ್ಟೇ ಶುರುವಾಗಿರುತ್ತದೆ. ಬ್ಲೇಜಾರ್ ಹತ್ತು ನಿಮಿಷ ಮಿಂಚಿ ಸುಮ್ಮನಾಗುವಾಗ ಈ ಅಂತರ ತುಂಬುವ ದೊಡ್ಡ ಚೆರೆಂಕೋವ್ ಟೆಲಿಸ್ಕೋಪ್ ಇರುವುದು ಹಾನ್ಲೆಯಲ್ಲಿ ಮಾತ್ರ. ಆದರೆ ಮೇಸ್ ಒಂಟಿ. ಎರಡು ಮೂರು ಟೆಲಿಸ್ಕೋಪ್‌ಗಳು ಒಂದೇ ಮಿಂಚನ್ನು ಬೇರೆಬೇರೆ ಕೋನದಿಂದ ನೋಡಿದರೆ ಕಿರಣದ ದಿಕ್ಕು, ಶಕ್ತಿ ಎರಡೂ ಹೆಚ್ಚು ನಿಖರವಾಗಿ ಸಿಗುತ್ತವೆ. ಹೆಸ್, ಮ್ಯಾಜಿಕ್, ವೆರಿಟಾಸ್ ಎಲ್ಲವೂ ಹಾಗೇ ಕೆಲಸ ಮಾಡುವುದು. ಮೇಸ್ ಪಕ್ಕದಲ್ಲಿ ಎರಡನೆಯದೊಂದು ನಿಲ್ಲಲೇಬೇಕು.

ಜೊತೆಗೆ ನೋಡುವ ಬೇರೆ ಬಗೆಯ ಕಣ್ಣುಗಳು ನಮ್ಮಲ್ಲಿ ಈಗಾಗಲೇ ಇವೆ. ಹಾನ್ಲೆಯಲ್ಲೇ ಎರಡು ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಎಕ್ಸ್‌ರೇ ಮತ್ತು ಅತಿನೇರಳೆಗೆ 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್, ರೇಡಿಯೋಗೆ ಪುಣೆ ಬಳಿಯ ಜಿಎಂಆರ್‌ಟಿ. ಮೇಸ್ ಒಂದು ಬ್ಲೇಜಾರ್ ಹೊತ್ತಿಕೊಂಡದ್ದನ್ನು ಕಂಡ ಕೂಡಲೇ ಉಳಿದವು ಗಂಟೆಗಳೊಳಗೆ ಅತ್ತ ತಿರುಗಬೇಕು. ಅದಕ್ಕೆ ವೀಕ್ಷಣಾ ಸಮಯವನ್ನು ಮುಂಚೆಯೇ ಮೀಸಲಿಡಬೇಕು. ಯಾವ ಸಂಸ್ಥೆಯ ಅನುಮತಿಗೂ ಬೆಳಗಾಗುವವರೆಗೆ ಕಾಯುವಂತೆ ಇರಬಾರದು. ಈ ಕೆಲಸಕ್ಕೆ ಹೊಸ ಕನ್ನಡಿ, ಹೊಸ ರಾಕೆಟ್ ಯಾವುದೂ ಬೇಡ. ಒಂದು ಒಪ್ಪಂದ, ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವ ಕೆಲವು ಜನ ಇದ್ದರೆ ಸಾಕು. ಫರ್ಮಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಇದು ಶುರುವಾಗಬೇಕು.